ಎಲ್ಲ ನೀರುಗುಳ್ಳೆಯೂ ಸರ್ಪಸುತ್ತಲ್ಲ

ವಯಸ್ಸಾದವರ ಮೈಮೇಲೆ ನೀರುಗುಳ್ಳೆ ಎದ್ದರೆ ನಂಜನಗೂಡು, ತಿ. ನರಸೀಪುರದ ಕಡೆ ಮೊದಲು ಬರುವ ಮಾತು ‘ಸರ್ಪಸುತ್ತು’. ಕೆಮ್ಮಣ್ಣು ಕಲಸಿ ಹಚ್ಚುವುದು, ಅಂಟೀತೆಂದು ತಟ್ಟೆ ಹಾಸಿಗೆ ಬೇರೆ ಮಾಡುವುದು ಅನೇಕ ಮನೆಗಳಲ್ಲಿ ಉಂಟು.

ಸರ್ಪಸುತ್ತು ಸೀತಾಳೆ ಸಿಡುಬಿನ ವೈರಸ್ಸಿನಿಂದಲೇ ಬರುತ್ತದೆ. ಸಾಮಾನ್ಯವಾಗಿ ಮೈಯ ಒಂದೇ ಪಕ್ಕ ಪಟ್ಟಿಯಂತೆ ಎದ್ದು ಉರಿ, ನೋವು ಕೊಡುತ್ತದೆ. ಆದರೆ ಅರವತ್ತು ದಾಟಿದವರಿಗೆ ವಾರಗಟ್ಟಲೆ ನವೆಯಿದ್ದು, ಆಮೇಲೆ ಎರಡೂ ಪಕ್ಕದ ಕೈಕಾಲು, ಹೊಟ್ಟೆಯ ಮೇಲೆ ಬಿಗಿಯಾದ ಗುಳ್ಳೆಗಳೆದ್ದರೆ ಅದು ‘ಬುಲ್ಲಸ್ ಪೆಂಫಿಗಾಯ್ಡ್’ ಇರಬಹುದು. 1953ರಲ್ಲಿ ಅಮೆರಿಕದ ವೈದ್ಯ ವಾಲ್ಟರ್ ಲೀವರ್ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿದರು.

ಇದು ಹೇಗೆ ಬರುತ್ತದೆ? ಹೊರಚರ್ಮಕ್ಕೂ ಒಳಚರ್ಮಕ್ಕೂ ನಡುವೆ ತೆಳುವಾದ ತಳಪೊರೆಯಿದೆ. ಗೋಡೆಗೆ ಗಾರೆ ಕಚ್ಚಿಕೊಂಡಂತೆ ಅಲ್ಲಿನ ಪ್ರೋಟೀನುಗಳು ಎರಡನ್ನೂ ಬಿಗಿದಿಟ್ಟಿರುತ್ತವೆ. ರೋಗಾಣುಗಳ ಮೇಲೆ ಹೋಗಬೇಕಾದ ಪ್ರತಿಕಾಯಗಳು ಈ ಪ್ರೋಟೀನುಗಳನ್ನೇ ಹಿಡಿದರೆ ಉರಿಯೂತವಾಗಿ ಹಿಡಿತ ಸಡಿಲುತ್ತದೆ. ಸಂದಿನಲ್ಲಿ ನೀರು ತುಂಬಿ ಗುಳ್ಳೆಯೇಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ! ಹೊರಗಿನ ರೋಗಾಣು ಇಲ್ಲದ್ದರಿಂದ ಈ ರೋಗ ಯಾರಿಗೂ ಅಂಟುವುದಿಲ್ಲ.

1967ರಲ್ಲಿ ವಿಜ್ಞಾನಿಗಳು ಈ ಪ್ರತಿಕಾಯಗಳು ತಳಪೊರೆಗೆ ಅಂಟುವುದನ್ನು ತೋರಿಸಿದರು. ಇದರ ಒಂದು ಪರೀಕ್ಷೆ ವಿದ್ಯಾರ್ಥಿಗಳಿಗೆ ಮೆಚ್ಚುಗೆಯಾದೀತು. ಒಂದು ಲೀಟರ್ ದ್ರಾವಣದಲ್ಲಿ 58.5 ಗ್ರಾಂ ಉಪ್ಪಿದ್ದರೆ ಅದು ಒಂದು ಮೋಲಾರ್ ದ್ರಾವಣ ಎಂದು ನೀವು ಓದಿದ್ದೀರಿ. ಆರೋಗ್ಯವಂತರ ಚರ್ಮದ ಚೂರನ್ನು ಅದರಲ್ಲಿ ತಣ್ಣಗೆ ನೆನೆಹಾಕಿದರೆ ತಳಪೊರೆಯ ಜಾಗದಲ್ಲಿ ಎರಡಾಗಿ ಬಿಡಿಸಿಕೊಳ್ಳುತ್ತದೆ. ಅದಕ್ಕೆ ರೋಗಿಯ ರಕ್ತದ ಸೀರಂ ಹಾಕಿ, ಹೊಳೆಯುವ ಬಣ್ಣ ಬೆಸೆದ ಮತ್ತೊಂದು ಪ್ರತಿಕಾಯದಿಂದ ಗುರುತು ಮಾಡುತ್ತಾರೆ. ಹೊಳಪು ಮೇಲ್ಭಾಗದಲ್ಲಿದ್ದರೆ ಪೆಂಫಿಗಾಯ್ಡ್ ಎಂಬ ಅನುಮಾನ ಬಲವಾಗುತ್ತದೆ. ಕೆಳಭಾಗದಲ್ಲಿದ್ದರೆ ಕೊಲಾಜೆನ್ 7ರಂಥ ಬೇರೆ ಪ್ರೋಟೀನಿನ ಮೇಲೆ ದಾಳಿಯಾಗಿರಬಹುದು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಚರ್ಮವೈದ್ಯರು ಇಂಥ ಪರೀಕ್ಷೆಗಳ ಬಗ್ಗೆ ಲೇಖನಗಳನ್ನು ಪ್ರಕಟಿಸಿದ್ದಾರೆ.

ಸಕ್ಕರೆ ಕಾಯಿಲೆಗೆ ಕೊಡುವ ವಿಲ್ಡಾಗ್ಲಿಪ್ಟಿನ್‌ನಂಥ ‘ಗ್ಲಿಪ್ಟಿನ್’ ಮಾತ್ರೆಗಳು ಕೆಲವರಲ್ಲಿ ಈ ರೋಗವನ್ನು ಕೆರಳಿಸುವುದುಂಟು. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ; ಚೀಟಿಯನ್ನು ವೈದ್ಯರಿಗೆ ತೋರಿಸಿ. ಸ್ಟೀರಾಯ್ಡ್ ಮುಲಾಮು ಅಥವಾ ಮಾತ್ರೆಯಿಂದ ರೋಗ ಹತೋಟಿಗೆ ಬರುತ್ತದೆ, ಆದರೆ ಅದನ್ನೂ ಅಂಗಡಿಯಿಂದ ತಾವೇ ತಂದು ಬಳಸಬಾರದು. ನಿರ್ಲಕ್ಷಿಸಿದರೆ ಒಡೆದ ಗುಳ್ಳೆಗಳಿಗೆ ಸೋಂಕು ತಗಲಿ ವೃದ್ಧರ ಪ್ರಾಣಕ್ಕೇ ಅಪಾಯ.

ನಂಜುಂಡನನ್ನು ಟಿಪ್ಪು ‘ಹಕೀಂ’ ಎಂದು ಕರೆದನೆಂಬ ಐತಿಹ್ಯದ ಊರು ನಮ್ಮದು. ಹರಕೆ ಇರಲಿ, ಜೊತೆಗೆ ಮೈಸೂರಿನ ಕೆ.ಆರ್. ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೂ ಕರೆದೊಯ್ಯಿರಿ. ಕೆಮ್ಮಣ್ಣು ಬಳಿದರೆ ವೈದ್ಯರಿಗೆ ಗುಳ್ಳೆಯೇ ಸರಿಯಾಗಿ ಕಾಣದು. ಪೆಂಫಿಗಾಯ್ಡ್ ಎಂದು ಖಚಿತವಾದರೆ ಅಜ್ಜನಿಗೆ ಬೇರೆ ತಟ್ಟೆ ಬೇಡ. ಮಕ್ಕಳೇ, ಅದನ್ನು ಮನೆಯವರಿಗೆ ತಿಳಿಸಿ ಹೇಳುವ ಕೆಲಸ ನಿಮ್ಮದು.