ಶ್ವಾಸಕೋಶದ ಸಣ್ಣ ಗಂಟು: ಅಂಜುವ ಮುನ್ನ ಅಳತೆ ಕೇಳಿ

ಬಿದ್ದು ಪಕ್ಕೆಲುಬಿಗೆ ಪೆಟ್ಟಾಯಿತೆಂದೋ, ಕೆಮ್ಮು ಬಿಡಲಿಲ್ಲವೆಂದೋ ಮನೆಯ ಹಿರಿಯರೊಬ್ಬರು ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ವರದಿ ಇಂಗ್ಲಿಷಿನಲ್ಲಿ, ಆಸ್ಪತ್ರೆಯ ಮಾತು ಮರಾಠಿಯಲ್ಲಿ, ಮನೆಯ ಮಾತು ಕನ್ನಡದಲ್ಲಿ. ಕೊನೆಗೆ ಅದನ್ನು ಓದಿ ಹೇಳುವ ಹೊಣೆ ಪ್ರೌಢಶಾಲೆಯಲ್ಲಿ ಕಲಿಯುವ ಮಗಳ ಮೇಲೆ ಬೀಳುತ್ತದೆ. ‘ನಾಡ್ಯೂಲ್’ ಎಂಬ ಪದವನ್ನು ಆಕೆ ‘ಗಡ್ಡೆ’ ಎಂದು ಓದುತ್ತಾಳೆ. ಕೇಳಿದವರು ಅದನ್ನು ‘ಕ್ಯಾನ್ಸರ್’ ಎಂದು ತಿಳಿಯುತ್ತಾರೆ. ಅಂದು ರಾತ್ರಿ ಆ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ನಾಡ್ಯೂಲ್ ಎಂಬುದು ರೋಗದ ಹೆಸರಲ್ಲ. ಚಿತ್ರದಲ್ಲಿ ಕಂಡುದರ ವರ್ಣನೆ ಮಾತ್ರ. ಶ್ವಾಸಕೋಶದಲ್ಲಿ ಕಾಣುವ, 3 ಸೆಂಟಿಮೀಟರಿಗೆ ಮೀರದ ದುಂಡನೆಯ ಗುರುತಿಗೆ ಈ ಹೆಸರು. ಸಣ್ಣ ಗಂಟುಗಳಲ್ಲಿ ಬಹುಪಾಲು ಅಪಾಯವಿಲ್ಲದವು. ಎಂದೋ ಬಂದು ಹೋದ ಸೋಂಕಿನ ಗಾಯ ಮಾಗಿ ಉಳಿದ ಕಲೆಯೂ ಹೀಗೆಯೇ ಕಾಣುತ್ತದೆ. ಕ್ಷಯರೋಗ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಇಂಥ ಹಳೆಯ ಕಲೆಗಳು ಅಪರೂಪವಲ್ಲ. ಗಂಟಿನ ತುಂಬ ಸುಣ್ಣದ ಅಂಶ ಕಟ್ಟಿಕೊಂಡಿದ್ದರೆ ಅದು ಸಾಮಾನ್ಯವಾಗಿ ಶುಭಸೂಚನೆಯೇ.

ಹಾಗಾದರೆ ವೈದ್ಯರು ಏನನ್ನು ನೋಡುತ್ತಾರೆ? ಮೊದಲು ಅಳತೆ. ಫ್ಲೈಷ್ನರ್ ಸೊಸೈಟಿ ಎಂಬ ತಜ್ಞರ ಸಂಸ್ಥೆ 2017ರಲ್ಲಿ ನೀಡಿದ ಮಾರ್ಗಸೂಚಿಯಂತೆ, 6 ಮಿ.ಮೀ.ಗಿಂತ ಚಿಕ್ಕದಾದ ಒಂದೇ ಘನ ಗಂಟು ಅಪಾಯ ಕಡಿಮೆಯಿರುವವರಲ್ಲಿ ಕಂಡರೆ ಮರುಸ್ಕ್ಯಾನ್ ಸಾಮಾನ್ಯವಾಗಿ ಬೇಕಿಲ್ಲ. 6ರಿಂದ 8 ಮಿ.ಮೀ. ಇದ್ದರೆ 6ರಿಂದ 12 ತಿಂಗಳೊಳಗೆ ಮತ್ತೆ ನೋಡಬೇಕು. 8 ಮಿ.ಮೀ. ಮೀರಿದರೆ 3 ತಿಂಗಳಿಗೆ ಮರುಸ್ಕ್ಯಾನ್, ಇಲ್ಲವೆ ಪೆಟ್ ಸ್ಕ್ಯಾನ್ ಅಥವಾ ಬಯಾಪ್ಸಿ. ಮಂಜಿನಂತೆ ಮಸುಕಾಗಿ ಕಾಣುವ ಗಂಟನ್ನು 5 ವರ್ಷಗಳವರೆಗೂ ಗಮನಿಸುವುದುಂಟು. 35 ವರ್ಷ ತುಂಬದವರಿಗೆ, ಮೊದಲೇ ಕ್ಯಾನ್ಸರ್ ಇದ್ದವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಈ ಲೆಕ್ಕ ಅನ್ವಯಿಸದು. ಬೀಡಿ, ಸಿಗರೇಟು ಸೇದುವವರಲ್ಲಿ ಎಚ್ಚರಿಕೆ ಹೆಚ್ಚು ಬೇಕು.

‘ಆರು ತಿಂಗಳು ಬಿಟ್ಟು ಬನ್ನಿ’ ಎಂದರೆ ಅದು ವೈದ್ಯರ ಉದಾಸೀನವಲ್ಲ. ಶಾಲೆಯ ಗಣಿತವೇ ಇದಕ್ಕೆ ಉತ್ತರ ಹೇಳುತ್ತದೆ. ಗೋಳದ ಗಾತ್ರ ಅದರ ವ್ಯಾಸದ ಘನಕ್ಕೆ ಅನುಗುಣವಾಗಿರುತ್ತದೆ. 4ರ ಘನ 64, 5ರ ಘನ 125. ಅಂದರೆ 4 ಮಿ.ಮೀ. ಗಂಟು 5 ಮಿ.ಮೀ. ಆಗುವಷ್ಟರಲ್ಲಿ ಅದರ ಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ. ಕ್ಯಾನ್ಸರಿನ ಘನ ಗಂಟು ಇಮ್ಮಡಿಯಾಗಲು ಸಾಮಾನ್ಯವಾಗಿ ಕೆಲವು ತಿಂಗಳುಗಳೇ ಬೇಕು. ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿಸಿದರೆ ಖರ್ಚು ಬೆಳೆದೀತೇ ಹೊರತು ತಿಳಿವಳಿಕೆ ಬೆಳೆಯದು. ಘನ ಗಂಟೊಂದು 2 ವರ್ಷ ಬದಲಾಗದೆ ಉಳಿದರೆ ಅದು ನಿರಪಾಯಕಾರಿಯೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ.

ಆದ್ದರಿಂದಲೇ ಹಳೆಯ ಫಿಲ್ಮು, ಸಿ.ಡಿ.ಗಳನ್ನು ಎಸೆಯಬಾರದು. ಐದು ವರ್ಷದ ಹಿಂದಿನ ಚಿತ್ರದಲ್ಲಿಯೂ ಅದೇ ಗಂಟು ಅಷ್ಟೇ ಇದ್ದರೆ ಅರ್ಧ ಚಿಂತೆ ಅಲ್ಲಿಯೇ ಕಳೆಯುತ್ತದೆ. ಆದರೆ ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ ಇವುಗಳಲ್ಲಿ ಯಾವುದಿದ್ದರೂ ಮರುಸ್ಕ್ಯಾನಿನ ದಿನಕ್ಕೆ ಕಾಯದೆ ವೈದ್ಯರನ್ನು ಕಾಣಬೇಕು. ಕ್ಷಯರೋಗದ ಕಫಪರೀಕ್ಷೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ.

ವರದಿಯ ಅರ್ಥ ಹೇಳುವ ಭಾರವನ್ನು ಮಕ್ಕಳ ಮೇಲೆ ಹೊರಿಸುವುದು ತರವಲ್ಲ. ಅವರ ನೋಟುಪುಸ್ತಕದ ಒಂದು ಹಾಳೆ ಸಾಕು. ಗಂಟು ಎಷ್ಟು ಮಿಲಿಮೀಟರು? ಘನವೋ, ಮಸುಕೋ? ಸುಣ್ಣ ಕಟ್ಟಿದೆಯೇ? ಮತ್ತೆ ಯಾವಾಗ ಬರಬೇಕು? ಈ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದೊಯ್ದು, ವೈದ್ಯರು ಕೊಟ್ಟ ಉತ್ತರವನ್ನೂ ಕನ್ನಡದಲ್ಲಿಯೇ ಬರೆದುಕೊಂಡು ಬಂದರೆ, ಅಂದು ರಾತ್ರಿ ಮನೆಯವರೆಲ್ಲರೂ ಕೂಡಿ ಊಟಕ್ಕೆ ಕೂರಬಹುದು.