ಧಣಿ ಹಂಚಿದರೆ ವ್ಯವಸ್ಥೆ, ಬಡವ ಹಂಚಿದರೆ ಕಳ್ಳತನ!

ಒಂದೇ ನಳದ ಮನೆಯಲ್ಲಿ ಅಪ್ಪ ಕುಡಿದ ನೀರಿಗೆ ಒಂದು ದರ, ಮಗ ಕುಡಿದ ನೀರಿಗೆ ಇನ್ನೊಂದು ದರ ಎಂದು ಪುರಸಭೆ ಸಾರಿದರೆ ಜನ ಸುಮ್ಮನಿರುವರೇ? ಇಂಟರ್ನೆಟ್ ಮಾರುವ ಧಣಿಗಳ ನ್ಯಾಯ ಇಂಥದೇ. 2000ದ ಆಸುಪಾಸಿನಲ್ಲಿ ಅಮೆರಿಕದ ಕೆಲವು ಕೇಬಲ್ ಕಂಪನಿಗಳು ಮನೆಯೊಳಗಿನ ಎರಡನೆಯ ಕಂಪ್ಯೂಟರಿಗೆ ಬೇರೆ ಹಣ ಕೇಳುತ್ತಿದ್ದವು. ಇಂದು ಮನೆಯೊಳಗೆ ಹಂಚಿಕೊಳ್ಳಲು ಅಡ್ಡಿಯಿಲ್ಲ. ಗೋಡೆ ದಾಟಿತೋ, ತಕರಾರು ಶುರು.

ಇದರ ಗುಟ್ಟು ದೊಡ್ಡದೇನಲ್ಲ. ಮನೆಗೆ ಬರುವ ತಂತಿ ಒಂದು, ಕಂಪನಿ ಕೊಡುವ ವಿಳಾಸವೂ ಒಂದು. ರೂಟರ್ ಎಂಬ ಸಣ್ಣ ಪೆಟ್ಟಿಗೆ ಮಗಳ ಲ್ಯಾಪ್‌ಟಾಪಿಗೆ, ಮಗನ ಫೋನಿಗೆ, ಅಂಗಡಿ ಲೆಕ್ಕದ ಕಂಪ್ಯೂಟರಿಗೆ ಮನೆಯೊಳಗಷ್ಟೇ ಸಲ್ಲುವ ಬೇರೆ ಬೇರೆ ಸಂಖ್ಯೆ ಕೊಡುತ್ತದೆ. ವಠಾರದ ಬಾಗಿಲಿಗೆ ಬಂದ ಅಂಚೆಯನ್ನು ಹಿರಿಯರೊಬ್ಬರು ಕೋಣೆಕೋಣೆಗೆ ಮುಟ್ಟಿಸುವಂತೆ, ಯಾರು ಕೇಳಿದ್ದನ್ನು ಅವರಿಗೇ ತಲುಪಿಸುತ್ತದೆ. ನಾಲ್ವರು ಒಮ್ಮೆಗೇ ಕೂತರೆ, ಕೊಂಡ ವೇಗವೇ ನಾಲ್ವರಲ್ಲಿ ಹಂಚಿಹೋಗುತ್ತದೆ. ಕಂಪನಿಯ ಗಂಟೇನು ಹೋಯಿತು?

ಇನ್ನೊಂದು ಮಾತನ್ನು ಧಣಿಗಳು ಬಾಯಿಬಿಡುವುದಿಲ್ಲ. ಹಳೆಯ ಪದ್ಧತಿಯ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 429 ಕೋಟಿ ಮಾತ್ರ. 2011ರಲ್ಲಿ ಅವುಗಳ ಕೇಂದ್ರ ದಾಸ್ತಾನು ಬರಿದಾಯಿತು. ಆಮೇಲೆ ಕಂಪನಿಗಳು ಮಾಡಿದ್ದೇನು? ಇದೇ ಉಪಾಯವನ್ನು ತಮ್ಮ ಕಚೇರಿಯಲ್ಲಿಟ್ಟು, ಒಂದೇ ವಿಳಾಸದ ಹಿಂದೆ ಎಷ್ಟೋ ಗಿರಾಕಿಗಳನ್ನು ಕೂಡಿಸಿದವು. ಧಣಿ ಹಂಚಿದರೆ ಅದು ವ್ಯವಸ್ಥೆ, ಬಡವ ಹಂಚಿದರೆ ಕಳ್ಳತನ!

ಸರಕಾರದ ಮಾತನ್ನೂ ನೋಡೋಣ. 2022ರೊಳಗೆ ಒಂದು ಕೋಟಿ ಸಾರ್ವಜನಿಕ ವೈಫೈ ತಾಣಗಳೆಂದು 2018ರ ನೀತಿ ಸಾರಿತು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಪಿಎಂ-ವಾಣಿ ಯೋಜನೆಗೆ ಒಪ್ಪಿಗೆಯಿತ್ತಿತು. ಚಹಾದಂಗಡಿಯವನೂ ಕಿರಾಣಿಯವನೂ ಲೈಸೆನ್ಸಿಲ್ಲದೆ, ಶುಲ್ಕವಿಲ್ಲದೆ, ಹಿಂದಿನ ಎಸ್‌ಟಿಡಿ ಬೂತಿನಂತೆ ಇಂಟರ್ನೆಟ್ ಹಂಚಬಹುದು. ಮಾತು ಚಂದ. ಆದರೆ ಕಂಪನಿಗಳು, ಮನೆಯ ದರ ನಿಮಗಿಲ್ಲ, ದೊಡ್ಡ ಸಂಸ್ಥೆಗಳು ಕೊಳ್ಳುವ ದುಬಾರಿ ಲೀಸ್ಡ್ ಲೈನನ್ನೇ ಕೊಳ್ಳಿ ಎಂದು ಪಟ್ಟುಹಿಡಿದವು. 2022 ಕಳೆಯಿತು, ಒಂದು ಕೋಟಿ ಕಡತದಲ್ಲೇ ಉಳಿಯಿತು.

ಅಂಗಡಿಗೂ ಮನೆಯ ದರವೇ ಇರಲಿ ಎಂದು 2024ರ ಆಗಸ್ಟಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಕರಡು ಹೊರಡಿಸಿತು. ಕಂಪನಿಗಳು ಬೊಬ್ಬೆಯಿಟ್ಟವು. 2025ರ ಜೂನಿನ ಆಜ್ಞೆಯಲ್ಲಿ, 200 ಎಂಬಿಪಿಎಸ್‌ವರೆಗಿನ ಫೈಬರ್ ಯೋಜನೆಗಳಿಗೆ ಮನೆದರದ ಎರಡು ಪಟ್ಟು ಮೀರಬಾರದು ಎಂದಾಯಿತು. ಕಾರ್ಖಾನೆ ಮಾಲಿನ ಬೆಲೆ ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟು ಮೀರಕೂಡದೆಂದು ಲೋಹಿಯಾ ಹೇಳುತ್ತಿದ್ದರು. ಇಲ್ಲಿ ಲೆಕ್ಕ ವೆಚ್ಚದ ಮೇಲಲ್ಲ, ಲಾಭ ಸೇರಿದ ಮಾರಾಟದ ಬೆಲೆಯ ಮೇಲೆಯೇ ಇಮ್ಮಡಿ! ಅದೇ ತಂತಿ, ಅದೇ ವೇಗ. ಬೆಲೆ ಮಾತ್ರ ಎರಡರಷ್ಟು ಏಕೆ?

ಯಾರು ಬಳಸಿದರೆಂದು ತಿಳಿಯದೆ ಅಪರಾಧ ನಡೆದರೆ, ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಗುಪ್ತಪದವನ್ನು ಬೀದಿಗೆಲ್ಲ ಹೇಳಿ ತೊಂದರೆಯಾದರೆ, ಮೊದಲು ವಿಚಾರಣೆಗೆ ಸಿಕ್ಕುವವನು ಸಂಪರ್ಕದ ಯಜಮಾನನೇ. ಹಾಗೆ ಮಾಡಿರೆಂದು ನಾವು ಹೇಳುವುದಿಲ್ಲ. ಬಳಸುವವರ ಗುರುತು ದಾಖಲಾಗುವ ಏರ್ಪಾಡು ಪಿಎಂ-ವಾಣಿಯಲ್ಲೇ ಇದೆ. ನ್ಯಾಯವಾದ ದಾರಿಯನ್ನು ಅಗ್ಗ ಮಾಡಿದರೆ ಕಳ್ಳದಾರಿ ತಾನೇ ಮುಚ್ಚುತ್ತದೆ.

ಪಿಎಫ್ ಹಣ ಬೇಕಾದರೆ ಆನ್‌ಲೈನ್, ಜಿಎಸ್‌ಟಿ ಲೆಕ್ಕ ಆನ್‌ಲೈನ್, ಮಕ್ಕಳ ಪರೀಕ್ಷೆಯ ಅರ್ಜಿಯೂ ಆನ್‌ಲೈನ್. ಎಲ್ಲರನ್ನೂ ಈ ಬಾಗಿಲಿಗೇ ಬನ್ನಿರೆನ್ನುವ ಸರಕಾರ ಬಾಗಿಲ ಸುಂಕವನ್ನು ಧಣಿಗೆ ಬಿಟ್ಟುಕೊಡಲಾಗದು. ಸಣ್ಣ ಅಂಗಡಿಗೆ ಮನೆಯ ದರ ಕೊಡಿ. ಕಾರ್ಮಿಕರ ವಠಾರಗಳು ಸಹಕಾರ ಸಂಘ ಕಟ್ಟಿ ಒಂದು ತಂತಿಯನ್ನು ಕೊಂಡು ಹಂಚಿಕೊಳ್ಳಲು ಅದೇ ದರ ಕೊಡಿ. ಇವೆರಡು ನಮ್ಮ ಬೇಡಿಕೆ. ಗಿರಣಿಯ ಗೆಳೆಯರೇ, ಪೇಟೆಯ ಬಂಧುಗಳೇ, ಇದು ದಾನವಲ್ಲ. ಕಾಸು ಕೊಟ್ಟು ಕೊಂಡದ್ದನ್ನು ಹಂಚಿ ಉಣ್ಣುವ ಹಕ್ಕು. ಒಂದಾಗಿ ಕೇಳೋಣ.