ಊಹೆಗೆ ಸಿಕ್ಕುವ ಹೆಸರು

ಸೇಡಂ ರಸ್ತೆಯ ಚಹಾದಂಗಡಿಯಲ್ಲಿ ಸಂಜೆಯ ಚರ್ಚೆ: ಸರ್ವೋಚ್ಚ ನ್ಯಾಯಾಲಯದ ಮುಂದಿನ ಮುಖ್ಯ ನ್ಯಾಯಮೂರ್ತಿಗಳು ಯಾರು?

“ಇದಕ್ಕೆ ಜ್ಯೋತಿಷ್ಯವೇಕೆ? ಸೇವೆಯಲ್ಲಿ ಹಿರಿಯರಾದವರನ್ನೇ ರಾಷ್ಟ್ರಪತಿಗಳು ನೇಮಿಸುತ್ತಾರೆ,” ಎಂದನು ತರುಣ ವಕೀಲ.

ನಿವೃತ್ತ ಉಪಾಧ್ಯಾಯರು ನಸುನಕ್ಕರು. “1973ರಲ್ಲಿಯೂ ಎಲ್ಲರ ಲೆಕ್ಕ ಅದೇ ಆಗಿತ್ತು, ತಮ್ಮಾ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆಯ ತೀರ್ಪು ಹೊರಬಿದ್ದುದು ಏಪ್ರಿಲ್ 24ರಂದು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸಲಾಗದೆಂದು 13 ಮಂದಿಯಲ್ಲಿ 7 ಮಂದಿ ನುಡಿದರು. ಮರುದಿನವೇ ಸರ್ಕಾರ ಶೆಲತ್, ಹೆಗ್ಡೆ, ಗ್ರೋವರ್ ಎಂಬ ಮೂವರು ಹಿರಿಯರನ್ನು ದಾಟಿ ಎ. ಎನ್. ರೇ ಅವರನ್ನು ಆರಿಸಿತು. ಮೂವರೂ ರಾಜೀನಾಮೆಯಿತ್ತರು. ಆ ಹೆಗ್ಡೆಯವರು ನಮ್ಮ ಕಾರ್ಕಳದ ಕಡೆಯವರೇ.”

ವಕೀಲ ಸುಮ್ಮನಾದನು.

“ಮುಂದಿನ ಹೆಸರು ಚಹಾದಂಗಡಿಯವರಿಗೂ ಮೊದಲೇ ತಿಳಿದಿರಲಿ,” ಎಂದರು ಉಪಾಧ್ಯಾಯರು. “ಆಗಲೇ ನ್ಯಾಯಾಧೀಶರು ಯಾರ ಮುಖವನ್ನೂ ನೋಡದೆ ತೀರ್ಪು ಬರೆದಾರು.”